"ಮತ್ತು ಹೆಂಡತಿ": ಮಿನ್ನೆಸೋಟಾದ ಹಳ್ಳಿಗಳಲ್ಲಿ ಒಬ್ಬ ಮುತ್ತಜ್ಜಿಯನ್ನು ಹುಡುಕಿದ ಆರು ದಿನ

ನಮ್ಮ ಪಕ್ಕದ ಮನೆಯ ಅಜ್ಜಿಗೆ 81 ವರ್ಷ. ನಾವು ಮಿನ್ನೆಸೋಟಾದ ರೋಚೆಸ್ಟರ್‌ಗೆ ಬಂದ ಮೊದಲ ಚಳಿಗಾಲದಲ್ಲಿ, ಬಾಗಿಲ ಮುಂದೆ ಬಿದ್ದ ಹಿಮ ತೆಗೆಯುವುದು ಹೇಗೆ ಅಂತ ಸಲಿಕೆ ಹಿಡಿದು ತೋರಿಸಿಕೊಟ್ಟವರು ಅವರು. ನನ್ನ ಮಕ್ಕಳು ಅವರನ್ನು ಕನ್ನಡದಲ್ಲೇ "ಅಜ್ಜಿ" ಅಂತ ಕರೆಯುತ್ತಾರೆ. ಇಲ್ಲೂ ಹಾಗೇ ಬರೆಯುತ್ತೇನೆ. ಮನೆತನದ ಹೆಸರು ಹಾಕಬೇಡ ಅಂದಿದ್ದಾರೆ, ಹಾಕುವುದಿಲ್ಲ.

ಹೋದ ಫೆಬ್ರವರಿಯಲ್ಲಿ ಒಂದು ಸಂಜೆ ಅಜ್ಜಿ ಒಂದು ಹಳೇ ಬಿಸ್ಕತ್ತಿನ ಡಬ್ಬ ತಂದು ನಮ್ಮ ಊಟದ ಮೇಜಿನ ಮೇಲಿಟ್ಟರು. ಒಳಗೆ ಜಮೀನಿನ ಕಾಗದದ ನಕಲು, ಪ್ರಾರ್ಥನೆ ಪುಸ್ತಕದಿಂದ ಹರಿದ ಒಂದು ಹಾಳೆ, ಮತ್ತೆ ಒಂದು ಫೋಟೋ. ಗಡ್ಡದ ಗಂಡಸು ಕುರ್ಚಿಯಲ್ಲಿ ಕೂತಿದ್ದಾನೆ. ಪಕ್ಕದಲ್ಲಿ ಒಬ್ಬ ಹೆಂಗಸು ಅವನ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದಾಳೆ. ಹಿಂಬದಿಯಲ್ಲಿ ಯಾರೋ ಪೆನ್ಸಿಲ್ಲಿನಲ್ಲಿ ಗಂಡಸಿನ ಪೂರ್ತಿ ಹೆಸರು ಬರೆದಿದ್ದಾರೆ. ಅದರ ಮುಂದೆ, "ಮತ್ತು ಹೆಂಡತಿ". ಅಷ್ಟೇ.

"ಇವಳು ನನ್ನ ಮುತ್ತಜ್ಜಿ. ಯಾರ ಮಗಳು, ನಾರ್ವೇಯಲ್ಲಿ ಯಾವ ಊರು, ನಮಗೆ ಯಾರಿಗೂ ಗೊತ್ತಿಲ್ಲ. ದೊಡ್ಡ ಜಮೀನ್ದಾರರ ಮಗಳು ಅಂತ ನಮ್ಮಪ್ಪ ಹೇಳ್ತಿದ್ದ. ನನ್ನ ಕಣ್ಣು ಕಾಣುವಾಗಲೇ ಹುಡುಕಬೇಕು. ನೀನು ಕಾರು ಓಡಿಸ್ತೀಯಾ?"

ನಾನು ಒಪ್ಪಿಕೊಂಡದ್ದಕ್ಕೆ ನನ್ನದೇ ಕಾರಣ ಇತ್ತು. ನಮ್ಮಜ್ಜನ ಊರು ಈಗ ಲಿಂಗನಮಕ್ಕಿ ಹಿನ್ನೀರಿನ ಅಡಿಯಲ್ಲಿದೆ. ಉಳುತ್ತಿದ್ದದ್ದು ಗೇಣಿ ಜಮೀನು, ಹಾಗಾಗಿ ಕಾಗದದಲ್ಲಿ ಅಜ್ಜನ ಹೆಸರೇ ಇರಲಿಲ್ಲ. ಊರೂ ಇಲ್ಲ, ಕಾಗದವೂ ಇಲ್ಲ ಅನ್ನುವ ಸ್ಥಿತಿ ಹೇಗಿರುತ್ತದೆ ಅಂತ ನಾನು ಮನೆಯಲ್ಲೇ ನೋಡಿ ಬೆಳೆದವಳು. ಇಲ್ಲಿ ಕಾಗದ ಇದೆ ಅಂತಾದರೆ, ಹೋಗದೆ ಇರುವುದು ಹೇಗೆ?

ಜೂನ್‌ನಲ್ಲಿ ಒಂದು ವಾರ ರಜೆ ಹಾಕಿದೆ. ಮಕ್ಕಳನ್ನು ಗಂಡನಿಗೆ ಒಪ್ಪಿಸಿ, ಎರಡು ಡಬ್ಬಿ ಪುಳಿಯೋಗರೆ ಕಟ್ಟಿಕೊಂಡು ಹೊರಟೆವು.

ಮೊದಲನೇ ದಿನ: ಪ್ರೆಸ್ಟನ್

ರೋಚೆಸ್ಟರ್‌ನಿಂದ 52ನೇ ಹೆದ್ದಾರಿಯಲ್ಲಿ ದಕ್ಷಿಣಕ್ಕೆ ಹೋದರೆ ಚಾಟ್‌ಫೀಲ್ಡ್, ಫೌಂಟನ್, ಆಮೇಲೆ ಪ್ರೆಸ್ಟನ್. ಮುಕ್ಕಾಲು ಗಂಟೆಯ ದಾರಿ. ಫಿಲ್ಮೋರ್ ಕೌಂಟಿಯ ಕಚೇರಿಗಳಿರುವುದು ಪ್ರೆಸ್ಟನ್‌ನಲ್ಲಿ. ನಮ್ಮಲ್ಲಿ ಪಹಣಿ ತೆಗೆಸಲು ತಾಲ್ಲೂಕು ಕಚೇರಿಗೆ ಹೋಗುತ್ತೇವಲ್ಲ, ಇಲ್ಲಿ ಹಾಗೆ ರೆಕಾರ್ಡರ್ ಕಚೇರಿ.

ಮೊದಲು ಜಮೀನಿನ ಲೆಕ್ಕ ಹೇಳಬೇಕು. ಅದು ಅರ್ಥವಾಗದೆ ಇಲ್ಲಿ ಯಾರ ಮನೆತನದ ಕತೆಯೂ ಸಿಗುವುದಿಲ್ಲ. ಅಮೆರಿಕ 1785ರಲ್ಲಿ ಒಂದು ಕಾನೂನು ಮಾಡಿ ಹೊಸ ನೆಲವನ್ನೆಲ್ಲ ಚೌಕ ಚೌಕವಾಗಿ ಅಳೆಯಲು ಶುರು ಮಾಡಿತು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕಕ್ಕೆ ಟೌನ್‌ಶಿಪ್ ಅಂತ ಹೆಸರು. ಅದರೊಳಗೆ 36 ಸೆಕ್ಷನ್. ಒಂದು ಸೆಕ್ಷನ್ ಅಂದರೆ ಒಂದು ಚದರ ಮೈಲಿ, 640 ಎಕರೆ. ಅದರ ಕಾಲು ಭಾಗ 160 ಎಕರೆ. ಒಂದು ಸಂಸಾರಕ್ಕೆ ಸಾಮಾನ್ಯವಾಗಿ ಸಿಗುತ್ತಿದ್ದದ್ದು ಈ ಕಾಲು ಭಾಗ.

ಸೆಕ್ಷನ್‌ಗಳಿಗೆ ನಂಬರ್ ಕೊಟ್ಟಿರುವ ರೀತಿ ನನಗೆ ತುಂಬ ಹಿಡಿಸಿತು. ಈಶಾನ್ಯ ಮೂಲೆಯಲ್ಲಿ 1. ಅಲ್ಲಿಂದ ಪಶ್ಚಿಮಕ್ಕೆ ಹೋಗುತ್ತಾ 6. ಅದರ ಕೆಳಗೆ 7, ಅಲ್ಲಿಂದ ವಾಪಸ್ ಪೂರ್ವಕ್ಕೆ. ಗದ್ದೆಯಲ್ಲಿ ಎತ್ತು ಹೂಡಿ ಉಳುವಾಗ ಸಾಲಿನ ತುದಿಗೆ ಹೋಗಿ ತಿರುಗಿಸಿಕೊಂಡು ಬರುತ್ತಾರಲ್ಲ, ಥೇಟ್ ಹಾಗೇ. 36ರ ತನಕ ಒಂದೇ ನೇಗಿಲ ಸಾಲು.

ಇನ್ನೊಂದು ವಿಷಯ. ಮಿನ್ನೆಸೋಟಾದ ದಕ್ಷಿಣದ ಅಂಚಿನ ಟೌನ್‌ಶಿಪ್‌ಗಳ ಸಾಲಿಗೆ 101 ಅಂತ ನಂಬರ್. ಎಲ್ಲಿಂದ ಎಣಿಸಿ 101? ಸುಮಾರು 600 ಮೈಲಿ ದಕ್ಷಿಣದ ಅರ್ಕಾನ್ಸಾ ರಾಜ್ಯದ ಒಂದು ಜೌಗು ಕಾಡಿನಿಂದ! 1815ರಲ್ಲಿ ಸರ್ವೆಯವರು ಅಲ್ಲಿ ಗುರುತು ಹಾಕಿ ಎಣಿಸಲು ಶುರು ಮಾಡಿದರು. ಅಜ್ಜಿಯ ಮುತ್ತಜ್ಜನ ಹೊಲದ ಮೂಲೆಯನ್ನು ಅಳೆದದ್ದೂ ಅದೇ ಗುರುತಿನಿಂದ.

ರೆಕಾರ್ಡರ್ ಕಚೇರಿಯ ಹೆಂಗಸು ಎರಡು ದಪ್ಪ ಸೂಚಿ ಪುಸ್ತಕ ತೋರಿಸಿದರು. ಒಂದು ಮಾರಿದವರ ಹೆಸರಿನದು, ಇನ್ನೊಂದು ಕೊಂಡವರದು. ಮುತ್ತಜ್ಜ ಬೇಗ ಸಿಕ್ಕಿದ. 160 ಎಕರೆ, 1857. ಆದರೆ ಡಬ್ಬದಲ್ಲಿದ್ದ ಜಮೀನಿನ ಕಾಗದದ ನಕಲಿನಲ್ಲಿ ಅವನ ಹೆಸರಿಗಿಂತ ಮೊದಲು ಬೇರೆ ರಾಜ್ಯದ ಒಬ್ಬ ಸಿಪಾಯಿಯ ಹೆಸರಿತ್ತು. ಇವನು ಯಾವುದೋ ಸೋದರಮಾವ ಇರಬೇಕು ಅಂತ ಅಜ್ಜಿಯ ಮನೆಯವರು ಮೂರು ತಲೆಮಾರು ನಂಬಿದ್ದರು.

ನೆಂಟನಲ್ಲ. ಮೆಕ್ಸಿಕೋ ಯುದ್ಧದ ಸಿಪಾಯಿಗಳಿಗೆ ಸರ್ಕಾರ ಜಮೀನಿನ ಚೀಟಿ ಕೊಟ್ಟಿತ್ತು. ಆ ಚೀಟಿಯನ್ನು ಯಾರು ಬೇಕಾದರೂ ಕೊಂಡು, ಅದರ ಮೇಲೆ ಜಮೀನು ಪಡೆಯಬಹುದಿತ್ತು. ಸರ್ಕಾರದ ದರ ಎಕರೆಗೆ ಒಂದೂಕಾಲು ಡಾಲರ್, ಅಂದರೆ 160 ಎಕರೆಗೆ 200 ಡಾಲರ್. ಪೇಟೆಯಲ್ಲಿ ಚೀಟಿ ಅದಕ್ಕಿಂತ ಅಗ್ಗಕ್ಕೆ ಸಿಗುತ್ತಿತ್ತು. ಐದು ವರ್ಷ ವಾಸ ಮಾಡಿದರೆ ಬರೀ ಶುಲ್ಕಕ್ಕೆ ಜಮೀನು ಕೊಡುವ ಹೋಮ್‌ಸ್ಟೆಡ್ ಕಾಯ್ದೆ ಬಂದದ್ದು 1862ರಲ್ಲಿ. ಇವರು ಅದಕ್ಕೂ ಮೊದಲೇ ಬಂದವರು. ಹಾಗಾಗಿ ಯಾರೋ ಸಿಪಾಯಿಯ ಚೀಟಿ ಕೊಂಡು, ಆಗ ಜಮೀನಿನ ಕಚೇರಿ ಇದ್ದ ಚಾಟ್‌ಫೀಲ್ಡ್‌ನಲ್ಲಿ ಕಟ್ಟಿದ್ದಾರೆ. ಆ ಸಿಪಾಯಿ ಈ ನೆಲವನ್ನು ಕಣ್ಣಲ್ಲಿ ನೋಡಿರಲಾರ.

ಮಧ್ಯಾಹ್ನದ ಮೇಲೆ ಮುತ್ತಜ್ಜಿಯೂ ಸಿಕ್ಕಿದಳು, ಅರ್ಧ. ಮುತ್ತಜ್ಜ ಒಂದು ತುಂಡು ಜಮೀನು ಮಾರಿದ ಪತ್ರದಲ್ಲಿ ಹೆಂಡತಿಯ ಒಪ್ಪಿಗೆಯೂ ಬೇಕಿತ್ತು. ಗಂಡನನ್ನು ಹೊರಗಿಟ್ಟು, ಹೆಂಡತಿಯನ್ನು ಬೇರೆಯಾಗಿ ಕೇಳಿ ಒಪ್ಪಿಗೆ ಪಡೆಯಲಾಗಿದೆ ಅಂತ ಬರೆದಿದೆ. ಕೆಳಗೆ ಅವಳ ಮೊದಲ ಹೆಸರು, ಪಕ್ಕದಲ್ಲಿ ಗಂಡನ ಮನೆತನದ ಹೆಸರು, ನಡುವೆ ಒಂದು ಇಂಟು ಗುರುತು. "ಅವಳ ಗುರುತು" ಅಂತ ಟಿಪ್ಪಣಿ. ನಮ್ಮ ಹೆಬ್ಬೆಟ್ಟಿನ ಹಾಗೆ.

ಅಜ್ಜಿ ಆ ಇಂಟು ಗುರುತಿನ ಮೇಲೆ ಬೆರಳಿಟ್ಟು ಸುಮಾರು ಹೊತ್ತು ಕೂತರು. ಕಚೇರಿಯ ಹೆಂಗಸು ಮೆಲ್ಲಗೆ ಹೇಳಿದರು: "ಇದು ಗುಮಾಸ್ತ ನಕಲು ಮಾಡಿದ ಪುಸ್ತಕ. ಮೂಲ ಪತ್ರ ಕೊಂಡವರ ಹತ್ತಿರ ಹೋಗಿದೆ. ಈ ಗುರುತು ಹಾಕಿದ್ದು ಗುಮಾಸ್ತನ ಕೈ." ಅಜ್ಜಿ ಬೆರಳು ತೆಗೆಯಲಿಲ್ಲ.

ಎರಡನೇ ದಿನ: ಹೊಲ ಮತ್ತು ಸ್ಮಶಾನ

ಫಿಲ್ಮೋರ್ ಕೌಂಟಿಯಲ್ಲಿ ನಾರ್ವೇ ಅನ್ನುವ ಹೆಸರಿನದೇ ಒಂದು ಟೌನ್‌ಶಿಪ್ ಇದೆ. ಅರೆಂಡಾಲ್ ಅಂತ ಇನ್ನೊಂದು. ಬಂದವರು ಊರಿನ ಹೆಸರನ್ನೂ ಹೊತ್ತುಕೊಂಡೇ ಬಂದಿದ್ದಾರೆ. ಪ್ಲಾಟ್ ಪುಸ್ತಕ ಅಂತ ಸಿಗುತ್ತದೆ, ಟೌನ್‌ಶಿಪ್‌ಗೆ ಒಂದೊಂದು ನಕ್ಷೆ, ಪ್ರತಿ ಹೊಲದ ಮೇಲೆ ಒಡೆಯರ ಹೆಸರು. ಅದನ್ನು ಅಜ್ಜಿಯ ತೊಡೆಯ ಮೇಲಿಟ್ಟು ಜಲ್ಲಿ ರಸ್ತೆಯಲ್ಲಿ ಹೊರಟೆವು.

ಚೌಕದ ನಕ್ಷೆ ನೋಡಿ ನೆಲ ಸಪಾಟಾಗಿರುತ್ತೆ ಅಂದುಕೊಂಡರೆ ತಪ್ಪು. ಇದು ಸುಣ್ಣಕಲ್ಲಿನ ನಾಡು. ಎಲ್ಲೆಂದರಲ್ಲಿ ಗುಡ್ಡ, ಕಣಿವೆ, ಜೋಳದ ಹೊಲದ ನಡುವೆ ಒಮ್ಮೆಲೇ ಕುಸಿದ ದೊಡ್ಡ ಗುಂಡಿಗಳು. ಗುಂಡಿಯ ಸುತ್ತ ಉಳದೆ ಬಿಟ್ಟಿರುತ್ತಾರೆ, ಅಲ್ಲಿ ಮರ ಬೆಳೆದಿರುತ್ತದೆ. ದೂರದಿಂದ ನೋಡಿದರೆ ಹೊಲದಲ್ಲಿ ಮರದ ಗುಂಪು ಕೂತ ಹಾಗೆ. ಕಣಿವೆಯ ತಳದಲ್ಲಿ ಕಲ್ಲಿನ ಸಂದಿಯಿಂದ ತಣ್ಣಗೆ ನೀರು ಹುಟ್ಟುತ್ತದೆ. ಮೊದಲು ಬಂದವರು ಬಯಲಿನ ಕಪ್ಪು ಮಣ್ಣು ಬಿಟ್ಟು ಕಣಿವೆಯ ಪಕ್ಕ ಯಾಕೆ ನಿಂತರು ಅಂತ ಇಲ್ಲಿ ನಿಂತಾಗ ಗೊತ್ತಾಗುತ್ತದೆ. ನೀರು, ಸೌದೆ, ಮನೆಗೆ ಮರ. ಮೂರೂ ಒಂದೇ ಕಡೆ.

ಹೊಲ ಈಗ ಬೇರೆಯವರದು. ಒಡೆಯನಿಗೆ ಮೊದಲೇ ಫೋನ್ ಮಾಡಿದ್ದೆವು. ಅವನು ಬೇಲಿ ದಾಟಿಸಿ ಒಂದು ತಗ್ಗು ತೋರಿಸಿದ. ಹಳೇ ನೆಲಮಾಳಿಗೆಯ ಕಲ್ಲು, ಪಕ್ಕದಲ್ಲಿ ಒಂದು ಲೈಲಾಕ್ ಗಿಡ. "ಮನೆ ಬಿದ್ದುಹೋದರೂ ಇದು ಸಾಯಲ್ಲ. ಎಲ್ಲಿ ಲೈಲಾಕ್ ಇದೆಯೋ ಅಲ್ಲಿ ಒಂದು ಕಾಲದಲ್ಲಿ ಬಾಗಿಲಿತ್ತು ಅಂತ ಲೆಕ್ಕ," ಅಂದ. ನಮ್ಮ ಕಡೆ ಪಾಳುಬಿದ್ದ ಮನೆಯ ಅಡಿಗಲ್ಲಿನ ಹತ್ತಿರ ದಾಸವಾಳ ನಿಂತಿರುತ್ತೆ. ನನಗೆ ಅದೇ ಕಣ್ಣಮುಂದೆ ಬಂತು.

ಚರ್ಚಿನ ಪಕ್ಕ ಸ್ಮಶಾನ. ಮುತ್ತಜ್ಜನ ಕಲ್ಲು ದೊಡ್ಡದು. ಪಕ್ಕದ ಕಲ್ಲಿನಲ್ಲಿ ಅವಳ ಮೊದಲ ಹೆಸರು, ಕೆಳಗೆ "ಹುಸ್ತ್ರು". ನಾರ್ವೇಜಿಯನ್ನಿನಲ್ಲಿ ಹೆಂಡತಿ. ಇಲ್ಲೂ ಅಷ್ಟೇ.

ಇವರಿಬ್ಬರ ಕಾಲಬುಡದಲ್ಲಿ ಮೊಣಕಾಲೆತ್ತರದ ಸುಣ್ಣಕಲ್ಲೊಂದು ವಾಲಿತ್ತು. ಅಕ್ಷರವೆಲ್ಲ ಸವೆದಿದೆ. ಇಂಥ ಕಲ್ಲನ್ನು ತಂತಿ ಬ್ರಶ್ಶಿನಿಂದ ಉಜ್ಜಬಾರದು, ಕೆಲವರು ಶೇವಿಂಗ್ ಕ್ರೀಮ್ ಹಚ್ಚುತ್ತಾರೆ, ಅದಂತೂ ಕೂಡದೇ ಕೂಡದು. ಕಲ್ಲು ಒಳಗಿಂದ ಹಾಳಾಗುತ್ತದೆ. ಬರೀ ನೀರು, ಮೆತ್ತನೆ ಬ್ರಶ್. ಆಮೇಲೆ ಒಂದು ಕನ್ನಡಿ. ಬಿಸಿಲನ್ನು ಕನ್ನಡಿಯಿಂದ ಪಕ್ಕಕ್ಕೆ ಹಾಯಿಸಿದರೆ ಸವೆದ ಅಕ್ಷರದ ಅಂಚಿಗೆ ನೆರಳು ಬೀಳುತ್ತದೆ. ನಾನು ಕನ್ನಡಿ ಹಿಡಿದೆ, ಅಜ್ಜಿ ಹುಲ್ಲಿನ ಮೇಲೆ ಮಂಡಿಯೂರಿ ಓದಿದರು. ಮೊದಲು ಏನೂ ಇಲ್ಲ. ಕನ್ನಡಿಯನ್ನು ಸ್ವಲ್ಪ ಎಡಕ್ಕೆ ವಾಲಿಸಿದೆ. ಒಂದೊಂದೇ ಅಕ್ಷರ ಎದ್ದು ಬಂತು. ಹುಟ್ಟಿದ್ದು 1855. ತೀರಿದ್ದು 1859.

"ಇದು ಹೇಗೆ ಸಾಧ್ಯ?" ಅಂದರು ಅಜ್ಜಿ. "ಈ ಹೆಸರು ನಮ್ಮ ದೊಡ್ಡಜ್ಜನದು. ನನ್ನ ತಾತನ ಅಣ್ಣ. ಅವನು 1861ರಲ್ಲಿ ಹುಟ್ಟಿದವನು. ನಮ್ಮಪ್ಪನನ್ನು ಹೆಗಲ ಮೇಲೆ ಕೂರಿಸಿಕೊಂಡು ಆಡಿಸಿದವನು."

ನನಗೆ ತಕ್ಷಣ ಹೊಳೆಯಿತು. ನಮ್ಮಲ್ಲೂ ಹೀಗೆ ಮಾಡುತ್ತಾರಲ್ವಾ? ಮಗು ಹೋದರೆ, ಮುಂದಿನ ಮಗುವಿಗೆ ಅದೇ ಹೆಸರು. ನಾರ್ವೇಯ ಪದ್ಧತಿಯೂ ಅದೇ. ಮೊದಲ ಗಂಡುಮಗುವಿಗೆ ಅಪ್ಪನ ಅಪ್ಪನ ಹೆಸರು. ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು. ನಡುವೆ ಒಂದು ಮಗು ತೀರಿಕೊಂಡರೆ ಆ ಹೆಸರು ಮುಂದಿನ ಮಗುವಿಗೆ ಬರುತ್ತದೆ, ಹೆಸರು ಸಾಯಬಾರದು ಅಂತ.

ಇದರಿಂದ ಎರಡು ಗಂಟು ಬಿಚ್ಚಿತು. ಅಜ್ಜಿಯ ದೂರದ ನೆಂಟರೊಬ್ಬರು ಆನ್‌ಲೈನಿನಲ್ಲಿ ಮಾಡಿದ ವಂಶವೃಕ್ಷದಲ್ಲಿ, 1860ರಲ್ಲಿ ನಾರ್ವೇಯಿಂದ ಬಂದ ಒಬ್ಬ ಹೆಂಗಸನ್ನು ಮುತ್ತಜ್ಜಿ ಅಂತ ಹಾಕಿದ್ದರು. ಹೆಸರು ಹೊಂದುತ್ತದೆ, ಮೊದಲ ಮಗ 1861ರಲ್ಲಿ ಹುಟ್ಟಿದ್ದಾನೆ, ಸರಿ ಅಂತ. ಆದರೆ 1855ರಲ್ಲೇ ಒಂದು ಮಗು ಹುಟ್ಟಿದ್ದರೆ ಆ ಹೆಂಗಸು ಮುತ್ತಜ್ಜಿ ಆಗಲಾರಳು. ಎರಡನೆಯದು: 1864ರಲ್ಲಿ ಹುಟ್ಟಿದ ಇನ್ನೊಬ್ಬ ಮಗನ ಹೆಸರು ಅಪ್ಪನ ಕಡೆ ಯಾರಿಗೂ ಇಲ್ಲ. ಹಾಗಾದರೆ ಅದು ಮುತ್ತಜ್ಜಿಯ ಅಪ್ಪನ ಹೆಸರೇ ಇರಬೇಕು.

ಅಜ್ಜಿ ಆ ಪುಟ್ಟ ಕಲ್ಲನ್ನು ಇನ್ನೊಂದು ಸಲ ತೊಳೆದರು. ನಾಲ್ಕು ವರ್ಷದ ಮಗು. ಈ ಮಗು ಇತ್ತು ಅನ್ನುವುದೇ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಮೂರನೇ ದಿನ: ಫೌಂಟನ್, ಸ್ಪ್ರಿಂಗ್ ಗ್ರೋವ್

ಬೆಳಗ್ಗೆ ಫೌಂಟನ್‌ನ ಕೌಂಟಿ ಇತಿಹಾಸ ಕೇಂದ್ರ. ಮಿನ್ನೆಸೋಟಾ ಇನ್ನೂ ರಾಜ್ಯವಾಗುವ ಮೊದಲು, 1857ರಲ್ಲಿ ಒಂದು ಜನಗಣತಿ ಆಗಿತ್ತು. ನಾವು ಮನೆಯಲ್ಲಿ ಕೂತು ಹುಡುಕಿದಾಗ ಅದರಲ್ಲಿ ಮುತ್ತಜ್ಜ ಸಿಕ್ಕಿರಲಿಲ್ಲ. ಕೇಂದ್ರದ ಹಿರಿಯರೊಬ್ಬರು "ಜಮೀನಿನ ಹೆಸರಲ್ಲಿ ಹುಡುಕಬೇಡಿ, ಅಪ್ಪನ ಹೆಸರಲ್ಲಿ ಹುಡುಕಿ" ಅಂದರು.

ಇದು ಸ್ವಲ್ಪ ಬಿಡಿಸಿ ಹೇಳಬೇಕು. ಆಗಿನ ನಾರ್ವೇಯ ಹಳ್ಳಿಗರಿಗೆ ಮನೆತನದ ಹೆಸರೇ ಇರಲಿಲ್ಲ. ಓಲೆಯ ಮಗ ಓಲ್ಸೆನ್, ಮಗಳು ಓಲ್ಸ್‌ದಾತ್ತರ್. ಮುಂದಿನ ತಲೆಮಾರಿಗೆ ಅದು ಮತ್ತೆ ಬದಲು. ಅದರ ಜೊತೆಗೆ ವಾಸಿಸುವ ಜಮೀನಿನ ಹೆಸರು. ಹೌಗೆನ್ ಅಂದರೆ ದಿಬ್ಬ, ಬಕ್ಕೆನ್ ಅಂದರೆ ಇಳಿಜಾರು, ದಾಲ್ ಅಂದರೆ ಕಣಿವೆ. ಬೇರೆ ಜಮೀನಿಗೆ ಹೋದರೆ ಹೆಸರೂ ಬದಲಾಗುತ್ತಿತ್ತು. ಅಮೆರಿಕಕ್ಕೆ ಬಂದ ಮೇಲೆ ಒಂದೇ ಟೌನ್‌ಶಿಪ್‌ನಲ್ಲಿ ಹತ್ತಾರು ಓಲೆ ಓಲ್ಸನ್‌ಗಳಾದರು. ಟಪಾಲು ಯಾರಿಗೆ ಅಂತ ತಿಳಿಯದೆ ತಾಪತ್ರಯ. ಆಗ ಹಲವರು ಹಿಂದೆ ಬಿಟ್ಟುಬಂದ ಜಮೀನಿನ ಹೆಸರನ್ನು ಗಟ್ಟಿ ಮಾಡಿಕೊಂಡರು.

ಹಾಗೆ ಹುಡುಕಿದಾಗ ಸಿಕ್ಕಿದರು, ತಪ್ಪು ಕಾಗುಣಿತದಲ್ಲಿ. ಗಂಡ, ಹೆಂಡತಿ, ಎರಡು ವರ್ಷದ ಮಗ. ಗಂಡ ಹೆಂಡತಿಗೆ ಹುಟ್ಟೂರು ನಾರ್ವೇ. ಮಗನಿಗೆ ವಿಸ್ಕಾನ್ಸಿನ್.

ವಿಸ್ಕಾನ್ಸಿನ್! ಅಂದರೆ ಮಿನ್ನೆಸೋಟಾಕ್ಕೆ ಬರುವ ಮೊದಲು ಇವರು ಅಲ್ಲಿದ್ದರು. ಆಗ ನಾರ್ವೇಯಿಂದ ಬಂದವರಲ್ಲಿ ಬಹಳ ಜನ ಮೊದಲು ನಿಲ್ಲುತ್ತಿದ್ದದ್ದು ಮ್ಯಾಡಿಸನ್ ಪಕ್ಕದ ಕೊಶ್ಕೊನಾಂಗ್ ಬಯಲಿನಲ್ಲಿ. ಹುಟ್ಟು, ಮದುವೆ, ಸಾವು ಬರೆದಿಡುವ ಅಲ್ಲಿನ ಚರ್ಚಿನ ಪುಸ್ತಕ 1844ರಿಂದ ಇದೆ.

ಮಧ್ಯಾಹ್ನ ಸ್ಪ್ರಿಂಗ್ ಗ್ರೋವ್. ಮಿನ್ನೆಸೋಟಾದಲ್ಲಿ ನಾರ್ವೇಯವರು ಮೊದಲು ನೆಲೆ ನಿಂತ ಊರು. ಅಲ್ಲಿ ಲೆಫ್ಸೆ ತಿಂದೆವು. ಬೇಯಿಸಿದ ಆಲೂಗಡ್ಡೆ, ಮೈದಾ ಕಲಸಿ ತೆಳ್ಳಗೆ ಲಟ್ಟಿಸಿ ಕಾವಲಿ ಮೇಲೆ ಬೇಯಿಸಿದ್ದು, ಬೆಣ್ಣೆ ಸಕ್ಕರೆ ಸವರಿ ಸುರುಳಿ ಸುತ್ತಿ ಕೊಡುತ್ತಾರೆ. ನನ್ನ ಪುಳಿಯೋಗರೆ ಅಜ್ಜಿ ಖಾಲಿ ಮಾಡಿದರು.

ನಾಲ್ಕನೇ ದಿನ: ಡೆಕೋರಾ

ಗಡಿ ದಾಟಿದರೆ ಅಯೋವಾ. ಡೆಕೋರಾದಲ್ಲಿ ವೆಸ್ಟರ್‌ಹೈಮ್ ಅನ್ನುವ ಮ್ಯೂಸಿಯಂ ಇದೆ. 1877ರಲ್ಲಿ ಅಲ್ಲಿನ ಲೂಥರ್ ಕಾಲೇಜಿನಲ್ಲಿ ಶುರುವಾದದ್ದು. ನಾನು ಇಡೀ ಬೆಳಗ್ಗೆ ಕಳೆದದ್ದು ಪೆಟ್ಟಿಗೆಗಳ ಮುಂದೆ.

ಪೈನ್ ಮರದ ಪೆಟ್ಟಿಗೆ, ಮೇಲುಮುಚ್ಚಳ ಕಮಾನಿನ ಹಾಗೆ, ಕಬ್ಬಿಣದ ಪಟ್ಟಿ. ಮೈತುಂಬ ಬಳ್ಳಿಯ ಚಿತ್ತಾರ, ಕೆಂಪು, ಹಸಿರು, ನೀಲಿ. ಅದರ ನಡುವೆ ಒಡೆಯರ ಹೆಸರು, ಇಸವಿ. ಒಂದರ ಮುಂಭಾಗದಲ್ಲಿ ಬಣ್ಣ ಸವೆದು ಮರ ಕಾಣುತ್ತಿತ್ತು, ಬೀಗ ತೆಗೆಯುವಾಗ ಮಂಡಿ ತಾಗುವ ಜಾಗದಲ್ಲೇ. 1850ರ ದಶಕದಲ್ಲಿ ಬಂದವರು ಹೆಚ್ಚಾಗಿ ನಾರ್ವೇಯಿಂದ ಕ್ವಿಬೆಕ್‌ಗೆ ಹಾಯಿ ಹಡಗಿನಲ್ಲಿ ಬರುತ್ತಿದ್ದರು. ಆ ಹಡಗುಗಳು ವಾಪಸ್ ಹೋಗುವಾಗ ಕೆನಡಾದ ಮರ ತುಂಬಿಕೊಂಡು ಹೋಗುತ್ತಿದ್ದವು, ಹಾಗಾಗಿ ಬರುವಾಗ ಜನರನ್ನು ಕಡಿಮೆ ದರಕ್ಕೆ ತರುತ್ತಿದ್ದವು. ಎರಡು ತಿಂಗಳ ಪ್ರಯಾಣ. ಊಟ ಅವರವರದೇ. ಪೆಟ್ಟಿಗೆ ತುಂಬ ಒಣ ರೊಟ್ಟಿ, ಉಪ್ಪು ಹಾಕಿದ ಮಾಂಸ. ಕ್ವಿಬೆಕ್‌ನಿಂದ ಸರೋವರಗಳ ದಾರಿಯಲ್ಲಿ ಮಿಲ್ವಾಕಿ, ಅಲ್ಲಿಂದ ಎತ್ತಿನ ಗಾಡಿ.

ಪೆಟ್ಟಿಗೆಗಳ ಮೇಲೆ ಹೆಂಗಸರ ಹೆಸರೂ ಇದೆ, ಪೂರ್ತಿ ಹೆಸರು, ಅಪ್ಪನ ಹೆಸರಿನ ಕೊನೆಗೆ "ದಾತ್ತರ್" ಸೇರಿಸಿ. ನಾರ್ವೇಯಲ್ಲಿ ಮದುವೆಯಾದರೂ ಹೆಣ್ಣಿನ ಹೆಸರು ಬದಲಾಗುತ್ತಿರಲಿಲ್ಲ. ಸಾಯುವ ತನಕ ಅಪ್ಪನ ಮಗಳೇ. ಅಮೆರಿಕಕ್ಕೆ ಬಂದ ಮೇಲೆ ಇಲ್ಲಿನ ರೂಢಿಯಂತೆ ಗಂಡನ ಹೆಸರು ಅಂಟಿತು, ಅವಳದು ಹೋಯಿತು. ಸಮುದ್ರ ದಾಟಿದ್ದಕ್ಕೆ ಗಂಡಸರು ಊರು ಕಳೆದುಕೊಂಡರು. ಹೆಂಗಸರು ಊರಿನ ಜೊತೆ ಹೆಸರನ್ನೂ ಕಳೆದುಕೊಂಡರು. ಇದನ್ನು ನೋಡಿ ನನಗೆ ಸಂಕಟವಾಯಿತು.

ಇನ್ನೊಂದು ಸಂಕಟವನ್ನೂ ಹೇಳಲೇಬೇಕು. ಡೆಕೋರಾ ಅನ್ನುವುದು ನಾರ್ವೇಯ ಹೆಸರಲ್ಲ. ಅದು ಇಲ್ಲಿನ ಮೂಲನಿವಾಸಿಗಳಾದ ಹೋ-ಚಂಕ್ ಜನರ ಮುಖಂಡ ವೌಕನ್ ಡೆಕೋರಾ ಅವರ ಹೆಸರು. ಕೌಂಟಿಯ ಹೆಸರು ವಿನ್ನೆಶೀಕ್, ಅವರೂ ಹೋ-ಚಂಕ್ ಮುಖಂಡರೇ. ಆ ಜನರನ್ನು ಸರ್ಕಾರ 1848ರಲ್ಲಿ ಇಲ್ಲಿಂದ ಎಬ್ಬಿಸಿ ಉತ್ತರಕ್ಕೆ ಕಳಿಸಿತು. ಅಜ್ಜಿಯ ಮುತ್ತಜ್ಜ ಕೊಂಡ ಮಿನ್ನೆಸೋಟಾದ ನೆಲ 1851ರ ತನಕ ಡಕೋಟಾ ಅನ್ನುವ ಇನ್ನೊಂದು ಮೂಲನಿವಾಸಿ ಜನರದು. ಆ ವರ್ಷ ಟ್ರಾವರ್ಸ್ ದೆ ಸೂ ಮತ್ತು ಮೆಂಡೋಟಾ ಅನ್ನುವ ಎರಡು ಒಪ್ಪಂದಗಳಲ್ಲಿ ದಕ್ಷಿಣ ಮಿನ್ನೆಸೋಟಾ ಅವರ ಕೈಬಿಟ್ಟಿತು. ಕೊಡುತ್ತೇವೆ ಅಂದ ಹಣ ಸರಿಯಾಗಿ ಕೈಸೇರಲಿಲ್ಲ. ಹಸಿವು, ಸಿಟ್ಟು ಸೇರಿ 1862ರಲ್ಲಿ ಯುದ್ಧವಾಯಿತು. ಆ ಡಿಸೆಂಬರ್ 26ರಂದು ಮ್ಯಾಂಕೇಟೋದಲ್ಲಿ 38 ಡಕೋಟಾ ಗಂಡಸರನ್ನು ಒಂದೇ ಸಲ ನೇಣಿಗೆ ಹಾಕಿದರು.

ನದಿ ದಂಡೆಯ ಬೆಂಚಿನ ಮೇಲೆ ಕೂತು ಇದನ್ನು ಮಾತಾಡಿದೆವು. ಅಜ್ಜಿ ತಪ್ಪಿಸಿಕೊಳ್ಳಲಿಲ್ಲ. "ನಮ್ಮ ಡಬ್ಬದ ಕಾಗದ ಶುರುವಾಗೋದು 1857ಕ್ಕೆ. ಅದರ ಹಿಂದಿನ ಹಾಳೆ ಅವರದು. ಅದನ್ನೂ ಬರೆದಿಡು," ಅಂದರು. ಬರೆದಿದ್ದೇನೆ. ನೀರಿನಡಿ ಊರು ಬಿಟ್ಟುಬಂದ ಮನೆಯ ಮಗಳಾಗಿ ಈ ಹಾಳೆ ಬಿಟ್ಟು ಉಳಿದದ್ದು ಬರೆಯಲು ನನಗೂ ಮನಸ್ಸಾಗುವುದಿಲ್ಲ.

ಐದನೇ ದಿನ: ಮ್ಯಾಡಿಸನ್

ಪ್ರೇರಿ ದು ಶೀನ್ ಹತ್ತಿರ ಮಿಸಿಸಿಪ್ಪಿ ದಾಟಿ ಮೂರು ಗಂಟೆಯ ದಾರಿ. ಮ್ಯಾಡಿಸನ್‌ನಲ್ಲಿ ನಾರ್ವೇಯಿಂದ ಬಂದವರ ಮನೆತನಗಳ ಹುಡುಕಾಟಕ್ಕೆಂದೇ ನೇಸೆತ್ ಲೈಬ್ರರಿ ಇದೆ. ಅಮೆರಿಕದ ನೂರಾರು ನಾರ್ವೇಜಿಯನ್ ಚರ್ಚುಗಳ ಪುಸ್ತಕದ ಫಿಲ್ಮು ಅಲ್ಲಿದೆ. ಬಿಗ್ದೆಬೂಕ್ ಅನ್ನುವ ಪುಸ್ತಕಗಳ ಕಪಾಟುಗಳೂ ಇವೆ. ನಾರ್ವೇಯ ಒಂದೊಂದು ಸೀಮೆಗೂ ಒಂದೊಂದು, ಯಾವ ಜಮೀನಿನಲ್ಲಿ ಯಾವ ಕಾಲಕ್ಕೆ ಯಾರಿದ್ದರು ಅಂತ ಮನೆ ಮನೆಯದೂ ಬರೆದಿಟ್ಟಿದ್ದಾರೆ. ನಮ್ಮ ಊರುಗಳಿಗೆ ಇಂಥದ್ದು ಯಾಕಿಲ್ಲ ಅಂತ ಆ ಕಪಾಟಿನ ಮುಂದೆ ನಿಂತು ಹೊಟ್ಟೆಕಿಚ್ಚಾಯಿತು.

ಕೊಶ್ಕೊನಾಂಗ್‌ನ ಮದುವೆ ಪುಸ್ತಕ, 1854. ಗೋಥಿಕ್ ಬರವಣಿಗೆ, ನನ್ನ ಕಣ್ಣಿಗೆ ಬರೀ ಮುಳ್ಳುಬೇಲಿ. ಲೈಬ್ರರಿಯವರೊಬ್ಬರು ಪಕ್ಕ ಕೂತು ಸಾಲು ಸಾಲು ಓದಿ ಹೇಳಿದರು. ಅಕ್ಟೋಬರ್‌ನಲ್ಲಿ ಬೆರಳು ನಿಲ್ಲಿಸಿದರು.

ಮುತ್ತಜ್ಜನ ಹೆಸರು. ಅದರ ಮುಂದೆ ಅವಳದು. ಮೊದಲ ಹೆಸರು, ಅಪ್ಪನ ಹೆಸರು, ದಾತ್ತರ್, ಜಮೀನಿನ ಹೆಸರು. ಟೆಲೆಮಾರ್ಕ್ ಸೀಮೆ. ಅಪ್ಪನ ಹೆಸರು ನಾವು ಸ್ಮಶಾನದಲ್ಲಿ ಊಹಿಸಿದ್ದೇ!

ಅಜ್ಜಿ ಆ ಹೆಸರನ್ನು ಜೋರಾಗಿ ಓದಿದರು. ಆಮೇಲೆ ಮತ್ತೊಮ್ಮೆ. ಮೂರನೇ ಸಲ ದನಿ ಬರಲಿಲ್ಲ.

ಊರು ಗೊತ್ತಾದ ಮೇಲೆ ಉಳಿದದ್ದು ಸುಲಭ. ನಾರ್ವೇಯ ಸರ್ಕಾರಿ ದಾಖಲೆಗಳ ಡಿಜಿಟಲ್ ಆರ್ಕಿವೆಟ್ ಎಲ್ಲರಿಗೂ ಉಚಿತ, ಮೊಬೈಲಿನಲ್ಲೂ ತೆರೆಯುತ್ತದೆ. ಆಗ ಊರು ಬಿಡುವವರು ಪಾದ್ರಿಯಿಂದ ಒಂದು ಪತ್ರ ಪಡೆಯಬೇಕಿತ್ತು. ಪಾದ್ರಿ ಅದನ್ನು ಊರು ಬಿಟ್ಟವರ ಪಟ್ಟಿಯಲ್ಲಿ ದಾಖಲಿಸುತ್ತಿದ್ದ. 1853ರ ಪಟ್ಟಿಯಲ್ಲಿ ಅವಳು ಒಬ್ಬಳೇ. ಅಪ್ಪ ಅಮ್ಮ ಇಲ್ಲ, ಅಣ್ಣ ಇಲ್ಲ. ವಯಸ್ಸು 21. ಎಲ್ಲಿಗೆ ಅನ್ನುವ ಕಲಂನಲ್ಲಿ "ಅಮೆರಿಕಾ".

ಅವಳ ಹುಟ್ಟಿನ ದಾಖಲೆಯಲ್ಲಿ ಅಪ್ಪನ ಹೆಸರಿನ ಹಿಂದೆ ಒಂದು ಪದ: "ಹುಸ್ಮಾನ್". ಅಂದರೆ ಜಮೀನಿನ ಒಡೆಯನಲ್ಲ. ಒಡೆಯನ ನೆಲದ ಮೂಲೆಯಲ್ಲಿ ಗುಡಿಸಲು ಹಾಕಿಕೊಂಡು, ಅದಕ್ಕೆ ಬದಲಾಗಿ ಒಡೆಯನ ಹೊಲದಲ್ಲಿ ದುಡಿಯುವವನು. ನಾರ್ವೇಯಲ್ಲಿ ಉಳಬಹುದಾದ ನೆಲ ನೂರಕ್ಕೆ ಮೂರು ಪಾಲಿನಷ್ಟು ಮಾತ್ರ. ಅದು ಹಿರಿಮಗನಿಗೆ ಹೋಗುತ್ತಿತ್ತು. ಹುಸ್ಮಾನ್‌ನ ಮಕ್ಕಳಿಗೆ 160 ಎಕರೆ ಅನ್ನುವುದು ಕನಸಿನಲ್ಲೂ ಇಲ್ಲದ ಮಾತು.

ದೊಡ್ಡ ಜಮೀನ್ದಾರರ ಮಗಳು ಅಂತ ಮನೆಯಲ್ಲಿ ಹೇಳಿಕೊಂಡು ಬಂದಿದ್ದರಲ್ಲ. ಅಜ್ಜಿಗೆ ಬೇಜಾರಾಗಬಹುದು ಅಂತ ನಾನು ಅವರ ಮುಖ ನೋಡಿದೆ. "ನಿಮ್ಮಜ್ಜನ ಹಾಗೆ," ಅಂದರು ಅವರು, ನನ್ನ ಕೈ ಹಿಡಿದು. ಗೇಣಿಯ ಕತೆಯನ್ನು ನಾನು ಅವರಿಗೆ ಕಾರಿನಲ್ಲಿ ಹೇಳಿದ್ದೆ.

ಅವಳ ಕನ್‌ಫರ್ಮೇಶನ್ ದಾಖಲೆಯಲ್ಲಿ, ಅಂದರೆ ಹದಿವಯಸ್ಸಿನಲ್ಲಿ ಚರ್ಚಿನಲ್ಲಿ ನಂಬಿಕೆಯನ್ನು ದೃಢಪಡಿಸುವ ವಿಧಿಯ ದಾಖಲೆಯಲ್ಲಿ, ಇನ್ನೂ ಒಂದು ತಾರೀಖಿತ್ತು. ಸಿಡುಬಿನ ದಾಕು ಹಾಕಿಸಿದ ದಿನ. 1810ರಿಂದ ನಾರ್ವೇಯಲ್ಲಿ ದಾಕು ಹಾಕಿಸಿಕೊಳ್ಳದವರಿಗೆ, ಸಿಡುಬು ಬಂದು ಹೋಗಿರದಿದ್ದರೆ, ಚರ್ಚಿನಲ್ಲಿ ಕನ್‌ಫರ್ಮೇಶನ್ ಇಲ್ಲ, ಮದುವೆಯೂ ಇಲ್ಲ. ಹಾಗಾಗಿ ಪಾದ್ರಿ ಅದನ್ನು ಪ್ರತಿಯೊಬ್ಬರ ಹೆಸರಿನ ಮುಂದೆ ಬರೆದಿಡುತ್ತಿದ್ದ. ಇನ್ನೊಂದು ಮಾತನ್ನೂ ಲೈಬ್ರರಿಯವರು ಹೇಳಿದರು. ಕನ್‌ಫರ್ಮೇಶನ್ ಆಗಬೇಕಾದರೆ ಓದಲು ಬರಲೇಬೇಕಿತ್ತು. ಪ್ರೆಸ್ಟನ್‌ನ ಪತ್ರದಲ್ಲಿ ಇಂಟು ಗುರುತು ಹಾಕಿದವಳಿಗೆ ಬರೆಯಲು ಬರುತ್ತಿರಲಿಲ್ಲವೇನೋ. ಓದಲು ಬರುತ್ತಿತ್ತು.

ಅಜ್ಜಿ ಎಡತೋಳಿನ ಬಟ್ಟೆ ಮೇಲೆ ಸರಿಸಿದರು. ಭುಜದ ಕೆಳಗೆ ನಾಣ್ಯದಷ್ಟಗಲದ ಹಳೇ ಕಲೆ. "ನನಗೂ ಶಾಲೆಗೆ ಸೇರೋ ಮೊದಲು ಹಾಕಿಸಿದ್ದರು." ನನ್ನ ಅಮ್ಮನ ತೋಳಿನಲ್ಲಿ ಅದೇ ಜಾಗದಲ್ಲಿ ಅದೇ ಕಲೆ ಇದೆ. ಚಿಕ್ಕವಳಿದ್ದಾಗ ಅದರ ಮೇಲೆ ಬೆರಳಾಡಿಸುತ್ತಾ ನಿದ್ದೆ ಮಾಡುತ್ತಿದ್ದೆ.

ಆರನೇ ದಿನ: ವಾಪಸ್

ಸೀದಾ ಮನೆಗೆ ಹೋಗಬಹುದಿತ್ತು. ಅಜ್ಜಿ ಸ್ಮಶಾನಕ್ಕೆ ಹೋಗೋಣ ಅಂದರು.

ಸ್ಮಶಾನ ನೋಡಿಕೊಳ್ಳುವವರಿಗೆ ದಾರಿಯಲ್ಲೇ ಫೋನ್ ಮಾಡಿದ್ದೆವು. ಅವರು ಬಂದು ಕಾಯುತ್ತಿದ್ದರು. ಹಳೇ ಕಲ್ಲು ಮುಟ್ಟುವುದು ಬೇಡ, ಅದರ ಮುಂದೆ ನೆಲಮಟ್ಟಕ್ಕೆ ಒಂದು ಚಿಕ್ಕ ಕಲ್ಲು ಹಾಕಬಹುದಾ ಅಂತ ಅಜ್ಜಿ ಕೇಳಿದರು. ಮಗುವಿನ ಕಲ್ಲು ವಾಲಿದೆ, ಅದನ್ನೂ ಎತ್ತಿ ನಿಲ್ಲಿಸಬೇಕು. ಎರಡೂ ಮಾಡಬಹುದು ಅಂದರು ಅವರು. ಕೆತ್ತುವವನಿಗೆ ಕೊಡಲು ಹೆಸರನ್ನು ಸರಿಯಾಗಿ ಬರೆದುಕೊಡಿ ಅಂತ ಜೇಬಿನಿಂದ ಒಂದು ಪುಟ್ಟ ಪುಸ್ತಕ ತೆಗೆದರು.

ಅಜ್ಜಿ ಕಾರಿನ ಬಾನೆಟ್ ಮೇಲೆ ಪುಸ್ತಕ ಇಟ್ಟುಕೊಂಡು ದೊಡ್ಡ ಅಕ್ಷರದಲ್ಲಿ ಬರೆಯತೊಡಗಿದರು. ಹೆಸರಿನಲ್ಲಿ ಇಂಗ್ಲಿಷಿನಲ್ಲಿ ಇಲ್ಲದ ಒಂದು ಅಕ್ಷರ ಇದೆ. ಒ ಮತ್ತು ಎ ನಡುವಿನ ದನಿ, ಕನ್ನಡದಲ್ಲೂ ಅದಕ್ಕೆ ಅಕ್ಷರವಿಲ್ಲ. ಅಲ್ಲಿಗೆ ಬಂದಾಗ ಅವರ ಕೈ ನಿಂತಿತು. ಡಬ್ಬದ ಕಾಗದಗಳಲ್ಲಿ ಎಲ್ಲೆಲ್ಲೂ ಅದು ಬರೀ ಸೊನ್ನೆಯ ಹಾಗಿದ್ದದ್ದನ್ನು ನಾವಿಬ್ಬರೂ ನೋಡಿದ್ದೆವು.

ಅಜ್ಜಿ ಮೊದಲು ದುಂಡಗೆ ಒಂದು ಸೊನ್ನೆ ಬರೆದರು. ಆಮೇಲೆ ಪೆನ್ನು ಎತ್ತಿ, ಬಲಗಡೆ ಮೇಲಿನಿಂದ ಎಡಗಡೆ ಕೆಳಕ್ಕೆ, ಅದರ ಮೇಲೆ ಒಂದು ಅಡ್ಡಗೆರೆ ಎಳೆದರು.